ಗಿಡ ನೆಡುವ ಮೊದಲೇ ದುಡ್ಡು ಯಾಕೆ?

"ಅಲ್ಲಮ್ಮಾ, ಇನ್ನೂ ಒಂದು ಗುಂಡಿ ತೋಡಿಲ್ಲ, ಒಂದು ಗಿಡ ತಂದಿಲ್ಲ. ಬರೀ ಕಾಗದದ ಮೇಲೆ ಗೆರೆ ಎಳೆಯೋದಕ್ಕೆ ಮೂವತ್ತು ಸಾವಿರಾನಾ?"

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಹಿರಿಯರೊಬ್ಬರು ನನ್ನನ್ನು ಹೀಗೆ ಕೇಳಿದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬೆಂಗಳೂರಿನಲ್ಲಿ 40×60 ಸೈಟು, ಹೊಸ ಮನೆ, ಸುತ್ತ ಒಂದಿಷ್ಟು ಜಾಗ, ಮೇಲೆ ತಾರಸಿ. ಮನೆ ತೋಟಗಳ ವಿನ್ಯಾಸ ಮಾಡುವ ಕೆಲಸಕ್ಕೆ ಇಳಿದಾಗಿನಿಂದ ಈ ಪ್ರಶ್ನೆ ಕೇಳದ ಮನೆ ನನಗೆ ಸಿಕ್ಕಿದ್ದು ಕಡಿಮೆ. ಕೇಳಬೇಕಾದ ಪ್ರಶ್ನೆಯೇ. ಸ್ವಲ್ಪ ತಿರುಗಿಸಿ ಕೇಳಿದರೆ ಇನ್ನೂ ಒಳ್ಳೆಯದು: ಆ ಮೂವತ್ತು ಸಾವಿರಕ್ಕೆ ನನ್ನ ಕೈಗೆ ಏನು ಬರುತ್ತದೆ?

ಮೊದಲು ಬಿಸಿಲಿನ ಮಾತು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಉಳಿದ ತಿಂಗಳು ದಕ್ಷಿಣಕ್ಕೆ. ನೀವು ಮೇ ತಿಂಗಳಲ್ಲಿ ಸೈಟು ತೋರಿಸುತ್ತೀರಿ. ಮನೆಯ ಉತ್ತರದ ಪಟ್ಟಿಯಲ್ಲಿ ಬಿಸಿಲು ಚೆನ್ನಾಗಿದೆ ಅನ್ನಿಸುತ್ತದೆ, ಲಾನ್ ಹಾಕಿಸುತ್ತೀರಿ. ಡಿಸೆಂಬರ್ ಹೊತ್ತಿಗೆ ಮನೆಯ ನೆರಳು ಅಲ್ಲೇ ಕೂತಿರುತ್ತದೆ. ಹುಲ್ಲು ಹಳದಿಯಾಗಿ ತೆಳುವಾಗುತ್ತದೆ, ಪಾಚಿ ಹತ್ತುತ್ತದೆ. ಆಗ ಬೈಸಿಕೊಳ್ಳುವವನು ಮಾಲಿ. ಪಾಪ, ಅವನದೇನು ತಪ್ಪು?

ತಾರಸಿಯ ಲೆಕ್ಕ ಇನ್ನೂ ಗಟ್ಟಿ. ಒದ್ದೆ ಮಣ್ಣು ಒಂದು ಘನ ಅಡಿಗೆ ಸುಮಾರು 50 ಕೆಜಿ ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಪಾತಿಗೆ ಒಂದಡಿ ಮಣ್ಣು ತುಂಬಿದರೆ ಐದು ಟನ್ ಆಯಿತು. ಜನ ಓಡಾಡುವ ತಾರಸಿಗೆ, ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ಐಎಸ್ 875 ಎಂಬ ಭಾರತೀಯ ಮಾನದಂಡದಲ್ಲಿ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ 150 ಕೆಜಿ, ಅಂದರೆ ಚದರ ಅಡಿಗೆ 14 ಕೆಜಿ ಆಸುಪಾಸು. ಎಲ್ಲಿ 14, ಎಲ್ಲಿ 50! ಮನೆ ಕಟ್ಟುವಾಗಲೇ ಎಂಜಿನಿಯರ್‌ಗೆ ತೋಟದ ವಿಷಯ ಹೇಳಿರದಿದ್ದರೆ, ಪಾತಿಯನ್ನು ಎಲ್ಲಿ ಇಡಬಹುದು, ಎಷ್ಟು ಆಳ ಇರಬಹುದು ಅನ್ನುವುದನ್ನು ಅವರಿಂದಲೇ ಕೇಳಿ ತಿಳಿಯಬೇಕು. ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ಹಗುರ ಮಾಡುವುದೋ, ಪಾತಿ ಬಿಟ್ಟು ಕುಂಡಗಳಿಗೆ ಹೋಗುವುದೋ ಅನ್ನುವುದು ಆಮೇಲಿನ ಮಾತು.

ಮತ್ತೆ ನೀರು. 1,200 ಚದರ ಅಡಿ ತಾರಸಿ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಮಳೆ ಬಿದ್ದರೆ ಐದೂವರೆ ಸಾವಿರ ಲೀಟರ್. ಅದು ನೆಲದಡಿಯ ನೀರಿನ ಸಂಪ್‌ಗೆ ಹೋಗುತ್ತದಾ, ಇಂಗುಗುಂಡಿಗೆ ಹೋಗುತ್ತದಾ, ಇಲ್ಲ ನಿಮ್ಮ ಹೊಸ ಪಾತಿಯ ಕೆಂಪುಮಣ್ಣನ್ನೆಲ್ಲಾ ಹೊತ್ತುಕೊಂಡು ಗೇಟಿನ ಹೊರಗೆ ಹೋಗುತ್ತದಾ? ಬೇಸಿಗೆಯದು ಬೇರೆ ಕಥೆ. 2024ರ ಮಾರ್ಚಿನಲ್ಲಿ ಜಲಮಂಡಳಿ ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು, ನೆನಪಿದೆ ಅಲ್ವಾ? ಆ ತಿಂಗಳು ದೊಡ್ಡ ಲಾನ್ ಇದ್ದವರ ಮುಖ ನೋಡುವ ಹಾಗಿರಲಿಲ್ಲ.

ಇದನ್ನೆಲ್ಲ ಅಳೆದು, ಅಗೆದು ನೋಡಿ, ಕಾಗದದ ಮೇಲೆ ಇಳಿಸುವುದಕ್ಕೇ ನಾನು ದುಡ್ಡು ಕೇಳುವುದು. ಕಾಗದದ ಮೇಲೆ ತಪ್ಪಾದರೆ ರಬ್ಬರ್ ಸಾಕು. ನೆಲದ ಮೇಲೆ ತಪ್ಪಾದರೆ ಮತ್ತೆ ಲೇಬರ್ ಕರೆಸಬೇಕು.

"ಆದರೆ ಆ ನರ್ಸರಿಯವರು ಡಿಸೈನ್ ಫ್ರೀ ಅಂತಾರಲ್ಲ?" ಇದು ಎರಡನೇ ಪ್ರಶ್ನೆ, ಸಾಮಾನ್ಯವಾಗಿ ಮನೆಯೊಡತಿಯಿಂದ ಬರುತ್ತದೆ. ಫ್ರೀ ಅಂದರೆ ಆ ದುಡ್ಡು ಬೇರೆ ಸಾಲಿನಲ್ಲಿ ಸೇರಿಕೊಂಡಿದೆ ಅಂತ. ಗಿಡ ಮಾರಿದರೇ ಲಾಭ ಇರುವವರಿಗೆ ಮೊದಲ ದಿನವೇ ತೋಟ ತುಂಬಿದಂತೆ ಕಾಣಬೇಕು. ಎರಡು ಅಡಿಗೊಂದು ಗಿಡ ಸಾಕಾದಲ್ಲಿ ಅರ್ಧ ಅಡಿಗೊಂದು ಬರುತ್ತದೆ. ಫೋಟೋ ಚೆನ್ನಾಗಿರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಒಂದರ ಮೇಲೊಂದು ಬಿದ್ದು, ಗಾಳಿಯಾಡದೆ, ಬಿಳಿ ತಿಗಣೆ ಮುತ್ತಿ ಅರ್ಧ ಕೀಳಬೇಕಾಗುತ್ತದೆ. ಒಳ್ಳೆಯ ನರ್ಸರಿಯವರೂ ಇದ್ದಾರೆ, ಅವರಿಂದ ನಾನೇ ಎಷ್ಟೋ ಕಲಿತಿದ್ದೇನೆ. ಮತ್ತೆ ಬಾಲ್ಕನಿಯಲ್ಲಿ ಹತ್ತು ಕುಂಡ ಇಡುವವರಿಗೆ ನನ್ನಂಥವರ ಅಗತ್ಯವೂ ಇಲ್ಲ. ಸುಮ್ನೆ ಒಂದು ಭಾನುವಾರ ಲಾಲ್‌ಬಾಗಿನ ನರ್ಸರಿಗೆ ಹೋಗಿ ಬನ್ನಿ, ಸಾಕು.

ಶುರುವಿನಲ್ಲಿ ನಾನೂ ಫ್ರೀ ಕೊಡುತ್ತಿದ್ದೆ. ಕೆಲಸ ಸಿಗಲಿ ಅನ್ನುವ ಆಸೆ. ಒಂದು ಮನೆಗೆ ಮೂರು ಸಲ ಹೋಗಿ, ಬಣ್ಣ ಹಾಕಿ ಚಿತ್ರ ಬರೆದುಕೊಟ್ಟೆ. ಆಮೇಲೆ ಫೋನ್ ಎತ್ತಲಿಲ್ಲ. ಆರು ತಿಂಗಳ ಮೇಲೆ ಆ ರಸ್ತೆಯಲ್ಲಿ ಹೋಗುವಾಗ ನೋಡುತ್ತೇನೆ, ಪಾರಿಜಾತದಿಂದ ಹಿಡಿದು ಕಲ್ಲುಬೆಂಚಿನವರೆಗೆ ನನ್ನದೇ ತೋಟ! ಬೇರೆ ಯಾರೋ ಮಾಡಿದ್ದರು. ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಆದರೆ ಗಿಡ ಮಾತ್ರ ನನ್ನ ಚಿತ್ರದ್ದು, ಇಳಿಜಾರು ಅವರದ್ದು. ಮಳೆ ನೀರೆಲ್ಲ ಮುಂಬಾಗಿಲ ಕಡೆಗೇ ಹರಿಯುತ್ತಿತ್ತು. ಯಾಕೆಂದರೆ ನಾನು ಕೊಟ್ಟಿದ್ದು ಚಿತ್ರ. ಮಟ್ಟದ ಲೆಕ್ಕ ಅದರಲ್ಲಿ ಇರಲೇ ಇಲ್ಲ.

ಈಗಲೂ ಜನ ದುಡ್ಡು ಕೊಟ್ಟು ಚಿತ್ರವನ್ನೇ ಕೊಳ್ಳುತ್ತಾರೆ. ಕಂಪ್ಯೂಟರಿನಲ್ಲಿ ಮಾಡಿದ ತ್ರೀಡಿ, ಅದರಲ್ಲಿ ಒಂದು ಕಾರಂಜಿ, ಕೈ ಹಿಡಿದು ನಡೆಯುವ ಗಂಡ ಹೆಂಡತಿ. ತ್ರೀಡಿ ನೋಡಿ ಮೇಸ್ತ್ರಿ ಏನೂ ಕಟ್ಟಲಾರ. ನೀವು ಕೇಳಬೇಕಾದ್ದು ಅಳತೆ ಇರುವ ನಕ್ಷೆ. ಎಲ್ಲಿಂದ ಎಲ್ಲಿಗೆ ಎಷ್ಟು ಇಂಚು ಇಳಿಜಾರು, ನೀರು ಯಾವ ಚೇಂಬರ್‌ಗೆ, ಡ್ರಿಪ್ ಪೈಪು ಮತ್ತು ವೈರು ಎಲ್ಲಿ ಹಾದು ಹೋಗುತ್ತವೆ ಅನ್ನುವುದು ಅದರಲ್ಲಿರಬೇಕು. ಜೊತೆಗೆ ಗಿಡಗಳ ಪಟ್ಟಿ: ಹೆಸರು, ಎಷ್ಟು ಗಿಡ, ಯಾವ ಅಳತೆಯ ಚೀಲದ್ದು, ಎಷ್ಟು ಅಂತರ, ಬೆಳೆದ ಮೇಲೆ ಎಷ್ಟು ಎತ್ತರ. ಹೂ ಬಿಡುವ ತಿಂಗಳನ್ನೂ ನಾನು ಬರೆಯುತ್ತೇನೆ. ಜರ್ಮನಿಯಿಂದ ಬಂದು ಲಾಲ್‌ಬಾಗ್ ನೋಡಿಕೊಂಡ ಕ್ರುಂಬಿಗಲ್ ಅವರು ಈ ಊರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವ ಹಾಗೆ ಯೋಚಿಸಿದ್ದರು. ಊರಿಗೇ ಮಾಡಿದ್ದನ್ನು ನಾಲ್ಕು ಅಡಿ ಪಟ್ಟಿಗೆ ಮಾಡೋಕಾಗಲ್ವಾ? ಪರೀಕ್ಷೆ ಸುಲಭ: ಈ ಕಾಗದಗಳನ್ನು ಹಿಡಿದುಕೊಂಡು ಹೋಗಿ ನನ್ನನ್ನು ಬಿಟ್ಟು ಬೇರೆ ಇಬ್ಬರ ಹತ್ತಿರ ಕೊಟೇಷನ್ ತರಲು ನಿಮಗೆ ಸಾಧ್ಯವಾಗಬೇಕು.

ಡಿಸೈನ್ ಫೀ ಬೇರೆ, ಕೆಲಸದ ಅಡ್ವಾನ್ಸ್ ಬೇರೆ. ಎರಡನ್ನೂ ಕಲಸಿದಲ್ಲೇ ಜಗಳ ಶುರುವಾಗುವುದು. ನನ್ನ ಹತ್ತಿರ ಬಂದ ಒಂದು ದಂಪತಿ ಅದಕ್ಕೆ ಮುಂಚೆ ಒಬ್ಬರಿಗೆ ಒಂದು ಲಕ್ಷ ಕೊಟ್ಟಿದ್ದರು. ರಸೀದಿ ಅಂದರೆ ವಾಟ್ಸಾಪಿನಲ್ಲಿ ಒಂದು ಸಾಲು, "ಅಡ್ವಾನ್ಸ್ ಬಂತು ಸರ್". ಎರಡು ಲೋಡು ಮಣ್ಣು ಬಂತು, ಒಂದು ತ್ರೀಡಿ ಬಂತು, ಆಮೇಲೆ ಮನುಷ್ಯ ಬರಲಿಲ್ಲ. ದುಡ್ಡು ವಾಪಸ್ ಕೇಳಿದಾಗ "ಅದು ಡಿಸೈನಿಗೇ ಆಯ್ತು" ಅಂದರಂತೆ. ಅಲ್ಲ ಅಂತ ತೋರಿಸಲು ಇವರ ಹತ್ತಿರ ಏನೂ ಇರಲಿಲ್ಲ.

ನನ್ನ ಪದ್ಧತಿ ಹೇಳುತ್ತೇನೆ, ಎಲ್ಲರೂ ಹೀಗೇ ಮಾಡಬೇಕೆಂದಲ್ಲ. ಸೈಟು ನೋಡಲು ಬಂದಾಗ ಎರಡು ಸಾವಿರ, ಮುಂದುವರಿದರೆ ಅದು ಫೀಯಲ್ಲೇ ಸೇರುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಾಗ ಅರ್ಧ. ಮೊದಲ ನಕ್ಷೆ ತೋರಿಸಿದಾಗ ಇನ್ನೊಂದು ಪಾಲು, ಕೊನೆಯ ನಕ್ಷೆ ಕೈಗೆ ಕೊಡುವಾಗ ಉಳಿದದ್ದು. ಎರಡು ಸಲ ಬದಲಾವಣೆ ಇದರಲ್ಲೇ ಸೇರಿದೆ. ಮೂರನೆಯದಕ್ಕೆ ಬೇರೆ ದುಡ್ಡು. ಇಲ್ಲದಿದ್ದರೆ ಊರಿಂದ ಬಂದ ಭಾವಮೈದ "ಇಲ್ಲೊಂದು ಕೊಳ ಇದ್ದರೆ ಚೆನ್ನಾಗಿತ್ತು" ಅನ್ನುತ್ತಾನೆ, ನನ್ನ ವಾರ ಹೋಗುತ್ತದೆ. ಮಧ್ಯದಲ್ಲಿ ನಿಲ್ಲಿಸಿದರೆ ಏನು ವಾಪಸ್, ಏನು ಇಲ್ಲ ಅನ್ನುವುದನ್ನೂ ಅದೇ ಪತ್ರದಲ್ಲಿ ಬರೆದಿರುತ್ತೇನೆ. ಇಡೀ ಫೀಯನ್ನು ಮೊದಲೇ ಕೇಳುವವರಿಗೆ ಕೊಡಬೇಡಿ ಅಂತ ನನ್ನ ಸಲಹೆ. ಫೀಯೇ ಬೇಡ ಅನ್ನುವವರ ಕೊಟೇಷನನ್ನು ಎರಡು ಸಲ ಓದಿ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಿನ್ಯಾಸ ಸೇವೆಗೆ ಜಿಎಸ್‌ಟಿ 18%, ಮೂವತ್ತು ಸಾವಿರಕ್ಕೆ 5,400. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದ ಸಣ್ಣವರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಅದಿಲ್ಲದವರೆಲ್ಲ ಮೋಸಗಾರರಲ್ಲ. ಆದರೆ ಬಿಲ್ಲಿನಲ್ಲಿ ತೆರಿಗೆ ಹಾಕಿದ್ದರೆ 15 ಅಂಕಿ-ಅಕ್ಷರಗಳ ನಂಬರ್ ಇರಲೇಬೇಕು. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಆ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರದ್ದು ಅಂತ ತೋರಿಸುತ್ತದೆ. ಕಾರ್ಡಿನಲ್ಲಿ ಆರ್ಕಿಟೆಕ್ಟ್ ಅಂತಿದ್ದರೆ 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗಿರಬೇಕು, ನಂಬರ್ ಕೇಳಿ. ಬರೀ ಡಿಸೈನರ್ ಅಂತ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಇನ್ನು, ಫೀ ಕೊಟ್ಟ ಮಾತ್ರಕ್ಕೆ ನಕ್ಷೆಯ ಕಾಪಿರೈಟ್ ನಿಮ್ಮದಾಗುವುದಿಲ್ಲ. ಈ ಸೈಟಿನಲ್ಲಿ ಯಾರಿಂದ ಬೇಕಾದರೂ ಕೆಲಸ ಮಾಡಿಸಬಹುದು ಅಂತ ಒಂದು ಸಾಲು ಬರೆಸಿಕೊಳ್ಳಿ. ತೀರಾ ಕೆಟ್ಟರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ಎರಡು ವರ್ಷದೊಳಗೆ ಹೋಗಬೇಕು. ಐದು ಲಕ್ಷದವರೆಗಿನ ಮೊತ್ತಕ್ಕೆ ದೂರು ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಬಹುದು.

ಆ ಹಿರಿಯರು ಎರಡು ದಿನ ಬಿಟ್ಟು ಬಂದರು. ಬ್ಯಾಂಕಿನವರಲ್ಲವೇ, ಒಪ್ಪಿಗೆ ಪತ್ರವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ತಂದಿದ್ದರು. ಫೀ ಕೊಟ್ಟರು, ನಕ್ಷೆ ತೆಗೆದುಕೊಂಡರು, ಕೆಲಸವನ್ನು ಮಾತ್ರ ತಮ್ಮ ಪರಿಚಯದ ಮೇಸ್ತ್ರಿಗೇ ಕೊಟ್ಟರು. ಆಗಲಿ, ಅದಕ್ಕೇ ಅಲ್ವಾ ನಕ್ಷೆ. ಮೊನ್ನೆ ಫೋನ್ ಮಾಡಿದ್ದರು.

"ನೀನು ನಿಂಬೆ ಗಿಡಕ್ಕೆ ಗುರುತು ಹಾಕಿದ ಕಡೆ ಅಗೆದರೆ ಒಂದಡಿಗೇ ಜಲ್ಲಿ, ಸಿಮೆಂಟ್ ಉಂಡೆ ಸಿಗ್ತಿದೆಯಲ್ಲಮ್ಮಾ."

ನಾನು ಆ ಮೂಲೆಯಲ್ಲಿ ಅಗೆದು ನೋಡಿರಲಿಲ್ಲ. ಭಾನುವಾರ ಹೋಗಿ ಜಾಗ ಬದಲಾಯಿಸಿಕೊಟ್ಟು ಬರಬೇಕು. ಇದಕ್ಕೆ ಫೀ ಇಲ್ಲ.