ದೊಡ್ಡ ಪಾರ್ಸೆಲ್‌ಗೆ ಅಗಲದ ಬೆಲ್ಟ್ ಹಾಕಿಸಿದರೆ ಸಾಕಾ?

ಪ್ರಶ್ನೆ: ನೆಲಮಂಗಲದ ಹತ್ತಿರ ಪಾರ್ಸೆಲ್ ಸಾರ್ಟಿಂಗ್ ಹಬ್ (ಬಂದ ಪಾರ್ಸೆಲ್‌ಗಳನ್ನು ಹೋಗುವ ಜಾಗದ ಪ್ರಕಾರ ಬೇರ್ಪಡಿಸುವ ಗೋಡೌನು) ಶುರು ಮಾಡುತ್ತಿದ್ದೇವೆ. ನೂರು ಪಾರ್ಸೆಲ್ ಬಂದರೆ ಅದರಲ್ಲಿ ತೀರಾ ದೊಡ್ಡವು ಐದೇ ಐದು. ಅಷ್ಟಕ್ಕೆ ಬೇರೆ ಜಾಗ ಬಿಡಬೇಕಾ? ಪಾರ್ಸೆಲ್ ಸಾಗಿಸುವ ಕನ್ವೇಯರ್ ಬೆಲ್ಟನ್ನೇ ಅಗಲದ್ದು ಹಾಕಿಸಿದರೆ ಸಾಕಲ್ವಾ?

ಅಗಲದ ಬೆಲ್ಟ್ ಬೇಡ, ಜಾಗ ಬಿಡಿ. ಎಷ್ಟು ಜಾಗ ಅನ್ನೋದು ಪಾರ್ಸೆಲ್‌ಗಳ ಎಣಿಕೆಯೊಂದರಿಂದಲೇ ಗೊತ್ತಾಗುವುದಿಲ್ಲ. ಅವು ನಿಮ್ಮ ಗೋಡೌನಿನಲ್ಲಿ ಎಷ್ಟು ಹೊತ್ತು ಕಾಯುತ್ತವೆ ಅನ್ನೋದನ್ನೂ ನೋಡಬೇಕು.

ಮೊದಲು ಆ 'ಐದೇ ಐದು' ಅನ್ನೋ ಲೆಕ್ಕ ನೋಡೋಣ. 30, 20, 15 ಸೆಂಟಿಮೀಟರಿನ ಸಣ್ಣ ಬಾಕ್ಸ್ ಅಂದರೆ 9 ಲೀಟರ್ ಜಾಗ. 120, 60, 50ರ ಕೂಲರ್ ಬಾಕ್ಸ್ ಅಂದರೆ 360 ಲೀಟರ್. ಒಂದಕ್ಕೆ ನಲವತ್ತು. ಐದು ಕೂಲರ್ ಇನ್ನೂರು ಸಣ್ಣ ಬಾಕ್ಸಿಗೆ ಸಮ, ಉಳಿದ ತೊಂಬತ್ತೈದು ಬರೀ ತೊಂಬತ್ತೈದೇ. ಅಂದರೆ ಲಾರಿಯಲ್ಲಿ ಬಂದ ಮಾಲಿನಲ್ಲಿ ಮೂರನೇ ಎರಡು ಭಾಗ ಆ ಐದರದ್ದೇ. ಕಂಪ್ಯೂಟರ್ ರಿಪೋರ್ಟಿನಲ್ಲಿ ಇದು ಕಾಣುವುದಿಲ್ಲ, ಅದು ತಲೆ ಮಾತ್ರ ಎಣಿಸುತ್ತದೆ.

ಇನ್ನು ಬೆಲ್ಟ್. ನೇರ ದಾರಿಯಲ್ಲಿ ಅಗಲದ ಬೆಲ್ಟ್ ಏನನ್ನಾದರೂ ಒಯ್ಯುತ್ತದೆ. ತೊಂದರೆ ಶುರುವಾಗುವುದು ತಿರುವಿನಲ್ಲಿ. ಉದ್ದದ ಬಾಕ್ಸ್ ತಿರುಗುವಾಗ ಅದರ ಮೂಲೆಗಳು ಬೆಲ್ಟಿನಾಚೆ ಚಾಚಿ ಪಕ್ಕದ ಕಂಬಿಗೆ ತಗುಲುತ್ತವೆ. ಇಳಿಜಾರಿನ ಚ್ಯೂಟ್‌ನಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತವೆ. ಆಗ ನಿಲ್ಲುವುದು ಅದೊಂದೇ ಅಲ್ಲ, ಹಿಂದೆ ಬರುತ್ತಿರುವ ಸಣ್ಣವೂ ಸಾಲಾಗಿ ನಿಲ್ಲುತ್ತವೆ. ಕ್ರಾಸ್‌ಬೆಲ್ಟ್ ಸಾರ್ಟರ್ (ಪಾರ್ಸೆಲ್ಲಿಗೊಂದರಂತೆ ಪುಟ್ಟ ಅಡ್ಡ ಬೆಲ್ಟುಗಳು ಸಾಲಾಗಿ ಓಡುವ ಮಷಿನ್) ಆದರೆ ಉದ್ದದ ಒಂದು ಬಾಕ್ಸ್ ಎರಡು ಮೂರು ಪಾರ್ಸೆಲ್‌ಗಳ ಸ್ಥಾನ ತಿನ್ನುತ್ತದೆ. ದುಡ್ಡು ಕೊಟ್ಟು ವೇಗ ಕೊಂಡು, ಅದನ್ನೇ ಕೂಲರಿಗೆ ಕೊಟ್ಟ ಹಾಗೆ.

ಸೈಜು, ತೂಕ ಎಲ್ಲರೂ ನೋಡುತ್ತಾರೆ. ಆಕಾರ ಮರೆತುಬಿಡುತ್ತಾರೆ. ಟೈರು ಸೈಜಿನಲ್ಲಿ ಪಾಸಾಗುತ್ತದೆ, ಬೆಲ್ಟಿನ ಮೇಲೆ ಉರುಳಿಹೋಗುತ್ತದೆ. ಪೇಂಟ್ ಡಬ್ಬವೂ ಅಷ್ಟೇ. ಪಟ್ಟಿ ಜೋಲಾಡುವ ಚೀಲ ರೋಲರ್ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಕರ್ಟನ್ ರಾಡು ಹಗುರ, ಸಣ್ಣ, ಆದರೆ ಮಹಾ ತರಲೆ. ಇವನ್ನೂ 'ದೊಡ್ಡವು' ಅಂತಲೇ ಲೆಕ್ಕಕ್ಕೆ ಹಿಡಿಯಿರಿ.

ಹಿಡಿಯಬೇಕಾದ್ದು ಲಾರಿಯ ಬಾಗಿಲಲ್ಲೇ. ಮಷಿನ್ ಕೊಟ್ಟವರು ಹೇಳಿದ ಮಿತಿಯ ಅಳತೆಗೆ ಒಂದು ಚೌಕಟ್ಟು ಮಾಡಿಸಿ ಬೆಲ್ಟಿನ ಶುರುವಿನಲ್ಲಿ ನಿಲ್ಲಿಸಿ. ತೂರಿದರೆ ಒಳಗೆ, ಇಲ್ಲದಿದ್ದರೆ ಪಕ್ಕಕ್ಕೆ. ಉರುಳುವ, ಸಿಕ್ಕಿಕೊಳ್ಳುವ ಆಕಾರದವು ತೂರಿದರೂ ಪಕ್ಕಕ್ಕೇ. ಇಳಿಸುವ ಹುಡುಗರು ಟೇಪು ಹಿಡಿದು ಯೋಚಿಸುವ ಹಾಗಿರಬಾರದು. ಪಕ್ಕಕ್ಕೆ ಬಂದದ್ದಕ್ಕೆ ಎರಡು ಬದಿ ಲೇಬಲ್ ಅಂಟಿಸಿ. ಸ್ಕ್ಯಾನ್ ಮಾಡಲು ವಾಷಿಂಗ್ ಮಷಿನ್ ತಿರುಗಿಸುವ ಕಷ್ಟ ತಪ್ಪುತ್ತದೆ. ಅಲ್ಲೇ ಅಳತೆಯನ್ನೂ ಬರೆದುಕೊಳ್ಳಿ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನು ಬಾಡಿಗೆಯ ತೂಕ ಅಂತ ಹಿಡಿಯುವ ಪದ್ಧತಿ ಕೊರಿಯರಿನಲ್ಲಿ ಸಾಮಾನ್ಯ. ಹಾಗೆ ನೋಡಿದರೆ ಆ ಕೂಲರಿನ ಬಾಡಿಗೆ ತೂಕ 72 ಕೆ.ಜಿ. ಆಗುತ್ತದೆ. ಅಳೆಯದೆ ಬಿಟ್ಟರೆ ಬಾಡಿಗೆ ಕೈತಪ್ಪುತ್ತದೆ.

ಈಗ ಜಾಗದ ಲೆಕ್ಕ. ಗಂಟೆಗೆ ದೊಡ್ಡವು ಎಷ್ಟು ಬರುತ್ತವೆ, ಒಂದೊಂದು ಎಷ್ಟು ಗಂಟೆ ನಿಲ್ಲುತ್ತದೆ, ಎರಡನ್ನೂ ಗುಣಿಸಿ. ಒಂದು ಹೊತ್ತಿನಲ್ಲಿ ನೆಲದ ಮೇಲೆ ಇರುವ ಪಾರ್ಸೆಲ್ ಎಷ್ಟು ಅಂತ ಸಿಗುತ್ತದೆ. ಜಾನ್ ಲಿಟಲ್ ಎಂಬ ಅಮೆರಿಕದ ಪ್ರೊಫೆಸರ್ 1961ರಲ್ಲಿ ಗಣಿತದಿಂದ ಸಾಧಿಸಿದ ಸೂತ್ರ ಇದು. ಗಂಟೆಗೆ 60 ಬಂದು, ತಲಾ 4 ಗಂಟೆ ನಿಂತರೆ 240. ಓಡಾಡುವ ದಾರಿ ಸೇರಿಸಿ ಒಂದಕ್ಕೆ 15 ಚದರಡಿ ಹಿಡಿದರೆ 3600 ಚದರಡಿ. ನಮ್ಮೂರ ಭಾಷೆಯಲ್ಲಿ ಮೂರು ಥರ್ಟಿ ಫಾರ್ಟಿ ಸೈಟು! ಕಾಯುವ ಹೊತ್ತನ್ನು ಎರಡು ಗಂಟೆಗೆ ಇಳಿಸಿದರೆ ಒಂದೂವರೆ ಸೈಟು ಉಳಿಯಿತು. ಒಂದರ ಮೇಲೊಂದು ಪೇರಿಸಿದರಾಯಿತು ಅನ್ನಬೇಡಿ. ಫ್ರಿಜ್ ನೆಟ್ಟಗೇ ನಿಲ್ಲಬೇಕು, ಟಿವಿ ಮಲಗಿಸುವ ಹಾಗಿಲ್ಲ.

ಬೆಂಗಳೂರಿನಲ್ಲಿ ದಿನದ ಸರಾಸರಿ ನಂಬಬಾರದು. ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ. ಹಾಗಾಗಿ ದೂರದ ಲಾರಿಗಳು ರಾತ್ರಿ ಒಟ್ಟಿಗೆ ಬಂದು ಬೀಳುತ್ತವೆ. ಮನೆಗಳಿಗೆ ಹೋಗುವ ಸಣ್ಣ ಗಾಡಿಗಳು ಹೊರಡುವುದು ಬೆಳಗ್ಗೆ. ನಡುವಿನ ಹೊತ್ತೆಲ್ಲ ನಿಮ್ಮ ನೆಲದ ಮೇಲೆ. ಅತಿ ಜಾಸ್ತಿ ತುಂಬುವ ಹೊತ್ತಿಗೆ, ಅದೂ ದಸರಾ–ದೀಪಾವಳಿ ಸೇಲಿನ ವಾರದ ಆ ಹೊತ್ತಿಗೆ, ಲೆಕ್ಕ ಹಾಕಿ. ಯಶವಂತಪುರ, ಪೀಣ್ಯದ ಕಡೆಯ ಮಾಲಿಗೆ ನಸುಕಿನಲ್ಲೇ ಒಂದು ಗಾಡಿ ಹೊರಡಿಸಿದರೂ ನೆಲ ಬೇಗ ಖಾಲಿಯಾಗುತ್ತದೆ. ಟಾಟಾ ಏಸ್‌ನ ಡೆಕ್ ಸುಮಾರು 7 ಅಡಿ ಉದ್ದ. ಅದಕ್ಕಿಂತ ಉದ್ದದವನ್ನು ಮೊದಲೇ ಬೇರೆ ಗೆರೆಯೊಳಗೆ ಇಡಿ, ಅವಕ್ಕೆ ದೊಡ್ಡ ಗಾಡಿಯೇ ಬೇಕು.

ಎತ್ತುವ ವಿಷಯ ಚಿಕ್ಕದಾಗಿ. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಎಲ್ಲ ಅನುಕೂಲ ಇದ್ದಾಗಲೂ ಒಬ್ಬರಿಗೆ 23 ಕೆ.ಜಿ. ಮಿತಿ ಹೇಳುತ್ತದೆ. ನಮ್ಮಲ್ಲಿ ಅದರ ಎರಡರಷ್ಟನ್ನು ಒಬ್ಬನೇ ಹೊರುವುದು ಮಾಮೂಲಿ ಆಗಿಬಿಟ್ಟಿದೆ. ಅದು ತಪ್ಪು. ಭಾರದ್ದಕ್ಕೆ ಇಬ್ಬರು, ಇಲ್ಲವೇ ಪ್ಯಾಲೆಟ್ ಟ್ರಾಲಿ.

ಈ ಜಾಗವನ್ನು ಗೋಡೌನಿನ ಹಿಂದಿನ ಮೂಲೆಗೆ ತಳ್ಳಬೇಡಿ. ಇಳಿಸುವ ಬಾಗಿಲು, ತುಂಬುವ ಬಾಗಿಲು, ಎರಡಕ್ಕೂ ಹತ್ತಿರ ಇರಲಿ. ಅಗಲದ ಬೆಲ್ಟಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಆ ಪಕ್ಕಕ್ಕೆ ಇನ್ನೊಂದು ಬಾಗಿಲು ಒಡೆಸಿ.