ಸೆಪ್ಟೆಂಬರ್ 5ರ ಸೀರೆ

ಸೆಪ್ಟೆಂಬರ್ 5, ಶಿಕ್ಷಕರ ದಿನದ ಬೆಳಿಗ್ಗೆ ಹಾಸನದಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆಯ ಗೇಟಿನ ಹತ್ತಿರ ಸುಮ್ನೆ ನಿಂತು ನೋಡಿ. ಮಿಸ್ ಯಾರು, ಹತ್ತನೇ ಕ್ಲಾಸಿನವರು ಯಾರು ಅಂತ ದೂರದಿಂದ ಗೊತ್ತಾಗುವುದಿಲ್ಲ. ಎಲ್ಲರೂ ಸೀರೆ. ನೆರಿಗೆಯನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದು ಬರುತ್ತಿದ್ದರೆ ಅವಳು ಹುಡುಗಿ. ಅಮ್ಮನ ಸೀರೆ, ಚಿಕ್ಕಮ್ಮನ ರವಿಕೆ. ದೊಗಲೆಯಾಯಿತು ಅಂತ ಬೆನ್ನಿಗೆ ನಾಲ್ಕು ಪಿನ್ನು.

ಅಂದು ಹಾಜರಿ ಕೂಗುವವರೂ ಈ ಹುಡುಗಿಯರೇ, ಪಾಠ ಮಾಡುವವರೂ ಅವರೇ. ಹುಡುಗರಿಲ್ಲದ ಶಾಲೆಯಲ್ಲಿ ಇದರ ಗಮ್ಮತ್ತೇ ಬೇರೆ. ಪಿ.ಟಿ. ಮೇಷ್ಟ್ರೂ ಹುಡುಗಿಯೇ, ಬೆಲ್ ಹೊಡೆಯುವ ಅಟೆಂಡರೂ ಹುಡುಗಿಯೇ. ಒಬ್ಬಳಾದರೂ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡಿರುತ್ತಾಳೆ.

ಕೇಳಿದರೆ 'ಮೊದಲಿಂದಲೂ ಹೀಗೇ' ಅನ್ನುತ್ತಾರೆ. ಆದರೆ ಶಿಕ್ಷಕರ ದಿನಾಚರಣೆ ಶುರುವಾಗಿದ್ದೇ 1962ರಲ್ಲಿ, ರಾಧಾಕೃಷ್ಣನ್ ರಾಷ್ಟ್ರಪತಿಯಾದ ವರ್ಷ. ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. ಊರು ಬಿಡುವಾಗ ವಿದ್ಯಾರ್ಥಿಗಳು ಅವರ ಗಾಡಿಯನ್ನು ತಾವೇ ಎಳೆದು ರೈಲ್ವೆ ಸ್ಟೇಷನ್‌ಗೆ ಬಿಟ್ಟು ಬಂದರಂತೆ. ನಮ್ಮ ಸೆಂಡಾಫ್‌ಗಳೆಲ್ಲ ಅದರ ಮುಂದೆ ಏನೂ ಅಲ್ಲ ಬಿಡಿ.

ಹೆಣ್ಣುಮಕ್ಕಳ ಶಾಲೆ ಮಾತ್ರ ಇದಕ್ಕಿಂತ ಹಳೆಯದು. ಮೈಸೂರಿನಲ್ಲಿ ಮಹಾರಾಣಿ ಶಾಲೆ 1881ರಲ್ಲೇ ಶುರುವಾಯಿತು. ಆಗಿನವರಿಗೆ ಸೀರೆ ಉಟ್ಟು ಬರುವುದು ದೊಡ್ಡ ವಿಷಯವಾಗಿರಲಿಲ್ಲ. ಮಗಳನ್ನು ಶಾಲೆಗೆ ಕಳಿಸುವುದೇ ದೊಡ್ಡ ವಿಷಯ. ನಮ್ಮ ಅಮ್ಮಂದಿರ ಕಾಲಕ್ಕೆ ಹೈಸ್ಕೂಲೆಂದರೆ ಲಂಗ-ದಾವಣಿ. ದಿನಾ ಸೆರಗು ಸರಿಮಾಡಿಕೊಂಡು ಸಾಕಾದವರಿಗೆ ಅದರಲ್ಲಿ ಹಬ್ಬ ಎಲ್ಲಿಂದ ಬರಬೇಕು?

ಆಮೇಲೆ ಚೂಡಿದಾರ್ ಬಂತು. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತು. ಹಾಸನ ಜಿಲ್ಲೆಯವರೇ ಆದ ಕುಮಾರಸ್ವಾಮಿ ಆಗ ಮುಖ್ಯಮಂತ್ರಿ. ಲಂಗ ಎತ್ತಿ ಕಟ್ಟಿ ಪೆಡಲ್ ತುಳಿದವರನ್ನು ಕೇಳಿ, ಚೂಡಿದಾರ್ ಎಷ್ಟು ಆರಾಮ ಅಂತ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಸೀರೆಗೆ ಬೆಲೆ ಬಂದಿದ್ದು ಆಗಲೇ. ದಿನಾ ಉಡುವ ಕಾಟ ತಪ್ಪಿತು, ವರ್ಷಕ್ಕೆ ಎರಡು ಸಲ ಉಡುವ ಆಸೆ ಹುಟ್ಟಿತು. ಒಂದು ಸೆಪ್ಟೆಂಬರ್‌ನಲ್ಲಿ, ಇನ್ನೊಂದು ಪರೀಕ್ಷೆಗೆ ಮೊದಲು ಶಾರದೆ ಪೂಜೆ, ಸೆಂಡಾಫ್ ದಿನ.

ಸೆಪ್ಟೆಂಬರ್ ಅಂದರೆ ಗೌರಿ ಹಬ್ಬದ ಆಸುಪಾಸು. ಹೂವಿನ ರೇಟು ಜಾಸ್ತಿ. ಅಮ್ಮನಿಗೆ ತವರಿನಿಂದ ಬಂದ ಸೀರೆಯ ಮಡಿಕೆಯನ್ನು ಮೊದಲು ಬಿಚ್ಚುವವಳು ಎಷ್ಟೋ ಸಲ ಮಗಳೇ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಈಗ ಹೊಸ ಸೀರೆ, ಬ್ಯೂಟಿ ಪಾರ್ಲರ್ ಅಂತ ಖರ್ಚು ಬೆಳೆದಿದೆ. ಕೂಲಿಗೆ ಹೋಗುವ ಮನೆಯವರಿಗೆ ಇದು ಭಾರ ಅಲ್ವಾ? ಮನೆಯಲ್ಲಿರುವುದನ್ನೇ ಉಡಿ ಅಂತ ಮೊದಲೇ ಹೇಳಿಬಿಡುವ ಮಿಸ್‌ಗಳ ಪರ ನಾನು.

ಹಳ್ಳಿಯಿಂದ ಬರುವವರು ಸೀರೆಯನ್ನು ಬ್ಯಾಗಿನಲ್ಲಿ ತಂದು, ಪೇಟೆಯ ಗೆಳತಿಯ ಮನೆಯಲ್ಲಿ ಉಡುತ್ತಾರೆ. ಸಂಜೆ ಅಲ್ಲೇ ಬಿಚ್ಚಿ, ಮಡಚಿ, ಪಿನ್ನುಗಳನ್ನು ಎಣಿಸಿ ವಾಪಸ್ ಕೊಟ್ಟು, ಚೂಡಿದಾರ್ ಹಾಕಿಕೊಂಡು ಬಸ್ ಹಿಡಿಯಲು ಓಡುತ್ತಾರೆ.