ಬಣ್ಣದ ನಕ್ಷೆ ಮುಚ್ಚಿಡುವ ಕ್ರೈಸ್ತ ಜಗತ್ತು

ಮಧ್ಯಯುಗದ ಆರಂಭದಲ್ಲಿ ಕ್ರೈಸ್ತ ಧರ್ಮ ಹೇಗೆ ಹರಡಿತೆಂದು ತೋರಿಸುವ ನಕ್ಷೆ ಬೇಕೆಂದು ಕೇಳಿಕೊಂಡು ಬರುವ ಪ್ರಕಾಶಕರ ಮನಸ್ಸಿನಲ್ಲಿ ಒಂದು ಚಿತ್ರ ಮೊದಲೇ ಸಿದ್ಧವಾಗಿರುತ್ತದೆ. ಎಡಕ್ಕೆ ಐರ್ಲೆಂಡ್, ಬಲಕ್ಕೆ ಜೆರುಸಲೇಮ್. ನಡುವೆ ಕ್ರಿ.ಶ. 400ಕ್ಕೆ ಗಾಢ ನೀಲಿ, 600ಕ್ಕೆ ತುಸು ತಿಳಿ, 800ಕ್ಕೆ ಇನ್ನೂ ತಿಳಿ. ಐತಿಹಾಸಿಕ ನಕ್ಷೆ ಬರೆಯುವುದೇ ನನ್ನ ಕಸುಬು. ಇಂಥದ್ದನ್ನು ಮಾಡಿಕೊಡುವುದು ಎಷ್ಟು ಸುಲಭವೆಂದು ಬಲ್ಲೆ. ಅರಸರು ದೀಕ್ಷಾಸ್ನಾನ ಪಡೆದ ವರ್ಷಗಳ ಪಟ್ಟಿ ಕೈಯಲ್ಲಿದ್ದರೆ ಸಾಕು: ಬಲ್ಗೇರಿಯದ ಬೋರಿಸ್ 864ರ ಸುಮಾರಿಗೆ, ಪೋಲೆಂಡಿನ ಮಿಯೆಸ್ಕೊ 966, ಕೀವ್‌ನ ವ್ಲಾದಿಮಿರ್ 988. ಆಯಾ ರಾಜ್ಯದ ಗಡಿಯೊಳಗೆ ಬಣ್ಣ ಸುರಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಕೆಲಸ ಮುಗಿಯುತ್ತದೆ. ಆದರೆ ಆ ನಕ್ಷೆಯಲ್ಲಿ ಕಾಣುವುದು ಅರಸರ ತೀರ್ಮಾನ ಮಾತ್ರ, ಜನರ ನಂಬಿಕೆಯಲ್ಲ.

ಇಂಗ್ಲೆಂಡನ್ನೇ ನೋಡಿ. ಪೋಪ್ ಮೊದಲನೆಯ ಗ್ರೆಗರಿ ಕಳುಹಿಸಿದ ಅಗಸ್ಟೀನ್ 597ರಲ್ಲಿ ಕೆಂಟ್‌ಗೆ ಬಂದಿಳಿದರು. ಆ ಕ್ರಿಸ್‌ಮಸ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಆಂಗ್ಲರು ದೀಕ್ಷೆ ಪಡೆದರೆಂದು ಗ್ರೆಗರಿ ಮರುವರ್ಷ ಅಲೆಕ್ಸಾಂಡ್ರಿಯಕ್ಕೆ ಬರೆದ ಪತ್ರದಲ್ಲಿ ಹಿಗ್ಗಿನಿಂದ ಹೇಳಿಕೊಂಡಿದ್ದಾರೆ. ಹಾಗಿದ್ದರೆ ಬಣ್ಣ ಬಳಿಯೋಣವೇ? ಪೂರ್ವ ಆಂಗ್ಲಿಯದ ಅರಸ ರೆಡ್ವಾಲ್ಡ್ ಕೆಂಟ್‌ನಲ್ಲಿ ದೀಕ್ಷೆ ಪಡೆದು ಊರಿಗೆ ಮರಳಿದ. ಹೆಂಡತಿಯೂ ಹಿರಿಯರೂ ಬುದ್ಧಿ ಹೇಳಿದರು. ಕಡೆಗೆ ಅವನು ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು ಪೀಠ, ಹಳೆಯ ದೇವರುಗಳ ಬಲಿಗೆ ಇನ್ನೊಂದು ಚಿಕ್ಕ ಪೀಠ ಇಟ್ಟುಕೊಂಡ. ಎಂಟನೆಯ ಶತಮಾನದ ಸನ್ಯಾಸಿ ಬೀಡ್ ಇದನ್ನು ಅಸಹನೆಯಿಂದಲೇ ದಾಖಲಿಸಿದ್ದಾರೆ. ನಮ್ಮ ಓದುಗರಿಗೆ ಇದರಲ್ಲಿ ಅಂಥ ಅಚ್ಚರಿಯೇನೂ ಕಾಣಲಾರದು. ಗ್ರೆಗರಿ ಅವರೇ 601ರಲ್ಲಿ, ವಿಗ್ರಹಗಳನ್ನು ತೆಗೆಯಿರಿ, ಗುಡಿಗಳನ್ನು ಕೆಡವಬೇಡಿ, ತೀರ್ಥ ಚಿಮುಕಿಸಿ ಬಳಸಿಕೊಳ್ಳಿ ಎಂದು ಸೂಚಿಸಿದ್ದರು. ರೆಡ್ವಾಲ್ಡನ ರಾಜ್ಯಕ್ಕೆ ಯಾವ ಬಣ್ಣ ಹಾಕಿದರೂ ಅದು ಅರ್ಧಸತ್ಯವೇ.

ಇಂದಿನ ಜರ್ಮನಿಯ ಉತ್ತರಭಾಗದ ಸ್ಯಾಕ್ಸನಿಯಲ್ಲಿ ಇನ್ನೊಂದು ಬಗೆಯ ತೊಡಕು. 772ರಿಂದ 804ರವರೆಗೆ ಫ್ರಾಂಕರ ಅರಸ ಶಾರ್ಲ್‌ಮೇನ್ ಅಲ್ಲಿ ಮತ್ತೆ ಮತ್ತೆ ದಂಡೆತ್ತಿ ಹೋದ. 782ರಲ್ಲಿ ವೆರ್ಡೆನ್‌ನಲ್ಲಿ 4,500 ಸ್ಯಾಕ್ಸನರ ತಲೆ ಕಡಿಸಲಾಯಿತೆಂದು ಅವನ ಆಸ್ಥಾನದ ವಾರ್ಷಿಕ ದಾಖಲೆಯೇ ಹೇಳುತ್ತದೆ. ದೀಕ್ಷೆ ತಪ್ಪಿಸಿಕೊಂಡು ಅವಿತವನಿಗೆ ಮರಣದಂಡನೆ ಎಂಬ ಕಾನೂನೂ ಬಂತು. ಇತ್ತ ಐರ್ಲೆಂಡಿನಲ್ಲಿ ಯಾವ ಚಕ್ರವರ್ತಿಯ ಸೈನ್ಯವೂ ಕಾಲಿಡದೆ ಮಠಗಳು ಬೆಳೆದವು. ಅಲ್ಲಿನ ಸನ್ಯಾಸಿ ಕೊಲಂಬಾನಸ್ ಫ್ರಾಂಕರ ನಾಡನ್ನು ಹಾದು ಇಟಲಿಯ ಬೊಬ್ಬಿಯೋದಲ್ಲಿ ಮಠ ಕಟ್ಟಿದರು. ಈ ಎರಡು ನಾಡುಗಳಿಗೂ ಒಂದೇ ನೀಲಿ ಬಳಿಯುವುದಕ್ಕೆ ನನಗೆ ಕೈ ಬರುವುದಿಲ್ಲ.

ಆದ್ದರಿಂದ ನಾನು ಚುಕ್ಕಿಯಿಂದ ಶುರು ಮಾಡುತ್ತೇನೆ. ಬಿಷಪರ ಪೀಠ, ಮಠ, ಶಾಸನ, ಇಗರ್ಜಿಯ ತಳಪಾಯ: ಗಟ್ಟಿ ಆಧಾರವಿರುವ ಕಡೆ ತುಂಬಿದ ಚುಕ್ಕಿ, ಬರಹದಲ್ಲಷ್ಟೇ ಉಲ್ಲೇಖವಿದ್ದರೆ ಟೊಳ್ಳು ಚುಕ್ಕಿ. ರಂಗೋಲಿಯಲ್ಲಿದ್ದಂತೆ, ಎಳೆ ಎಳೆಯುವುದು ಆಮೇಲಿನ ಕೆಲಸ. ಉಳಿದ ಜಾಗ ಬಿಳಿಯಾಗಿಯೇ ಇರಲಿ.

ಚುಕ್ಕಿ ಇಡುತ್ತಾ ಹೋದಂತೆ ಕಾಗದವೇ ಸಾಲದಾಗುತ್ತದೆ. ಪ್ರಕಾಶಕರು ಜೆರುಸಲೇಮಿನ ಬಳಿ ಕತ್ತರಿಸಿದ ಬಲ ಅಂಚಿನಾಚೆಗೆ ಇನ್ನೊಂದು ಕ್ರೈಸ್ತ ಜಗತ್ತಿದೆ. ಪರ್ಷಿಯದ ಸೆಲ್ಯೂಸಿಯ-ಟೆಸಿಫಾನ್‌ನಲ್ಲಿ ಬೇರೂರಿ, ಮುಂದೆ ಬಾಗ್ದಾದಿನಿಂದ ಆಡಳಿತ ನಡೆಸಿದ ಪೂರ್ವದ ಧರ್ಮಸಭೆ ಅದು. ಮಧ್ಯ ಏಷ್ಯದ ಮರ್ವ್, ಸಮರ್ಕಂದ್ ದಾಟಿ ಅದರ ಚುಕ್ಕಿಗಳು ಚೀನಾದ ಷಿಯಾನ್ ತಲುಪುತ್ತವೆ. ಬಾಗ್ದಾದಿನಿಂದ ನೋಡಿದರೆ ಡಬ್ಲಿನ್‌ಗಿಂತ ಷಿಯಾನ್ ದೂರ. ಹಾಗಾಗಿ ನನ್ನ ನಕ್ಷೆಯ ನಡುವೆ ಇರುವುದು ಬಾಗ್ದಾದ್. ಯುರೋಪ್ ಎಡಮೂಲೆಗೆ ಸರಿಯುತ್ತದೆ, ಪ್ರಕಾಶಕರ ಮುಖವೂ ಅಷ್ಟಕ್ಕಷ್ಟೇ ಆಗುತ್ತದೆ.

ಷಿಯಾನ್‌ನ ಚುಕ್ಕಿಯ ಹಿಂದೆ ಒಂದು ಕಲ್ಲಿದೆ. 781ರಲ್ಲಿ ನಿಲ್ಲಿಸಿದ, ಆಳೆತ್ತರವನ್ನು ಮೀರಿದ ಶಾಸನ. ಹದಿನೇಳನೆಯ ಶತಮಾನದಲ್ಲಿ ಮತ್ತೆ ಬೆಳಕಿಗೆ ಬಂತು. ಮುಖ್ಯ ಪಾಠ ಚೀನಿಯಲ್ಲಿದೆ, ಪಾದ್ರಿಗಳ ಹೆಸರುಗಳನ್ನು ಸಿರಿಯಾಕ್ ಲಿಪಿಯಲ್ಲಿ ಕೆತ್ತಲಾಗಿದೆ. ಅಲೊಪೆನ್ ಎಂಬ ಧರ್ಮಪ್ರಚಾರಕರು 635ರಲ್ಲಿ ರಾಜಧಾನಿಗೆ ಬಂದದ್ದು, 638ರಲ್ಲಿ ಟಾಂಗ್ ಚಕ್ರವರ್ತಿ ಅನುಮತಿ ಕೊಟ್ಟದ್ದು ಅದರಲ್ಲಿದೆ. ನನ್ನ ಕಸುಬಿಗೆ ಬೇಕಾದ್ದು ಅದರಲ್ಲಿನ ಒಂದು ಸಣ್ಣ ಸಂಗತಿ. ಪೂರ್ವದ ಧರ್ಮಸಭೆಯ ಆಗಿನ ಮಹಾಪಿತೃ, ಅಂದರೆ ಮುಖ್ಯಸ್ಥರು, ಹನಾನಿಶೋ ಎಂದು ಕಲ್ಲು ಹೇಳುತ್ತದೆ. ಆದರೆ ಅಷ್ಟರಲ್ಲಿ ಹನಾನಿಶೋ ತೀರಿಕೊಂಡು, ಅವರ ಪೀಠದಲ್ಲಿ ತಿಮೊಥಿ ಕುಳಿತಾಗಿತ್ತು. ಸುದ್ದಿ ಇನ್ನೂ ದಾರಿಯಲ್ಲಿತ್ತು. ನಕ್ಷೆಯ ಮೇಲೆ ಎಷ್ಟೇ ಸಲೀಸಾಗಿ ಗೆರೆ ಎಳೆದರೂ ಅದು ಒಂಟೆಯ ನಡಿಗೆಯ ಗೆರೆ. ಇದೇ ತಿಮೊಥಿ ತುರ್ಕರ ನಾಡಿಗೆ ಮಹಾಧರ್ಮಾಧ್ಯಕ್ಷರನ್ನು ನೇಮಿಸಿದ್ದಾಗಿಯೂ ಟಿಬೆಟಿಗೆ ನೇಮಿಸಲು ಸಿದ್ಧತೆ ನಡೆದಿರುವುದಾಗಿಯೂ ಪತ್ರದಲ್ಲಿ ಬರೆದಿದ್ದಾರೆ. ಸಿದ್ಧತೆಗೆ ಟೊಳ್ಳು ಚುಕ್ಕಿ.

ಭಾರತದಲ್ಲಿ ಗಟ್ಟಿ ಚುಕ್ಕಿ ಕೊಲ್ಲಂ. 849ರಲ್ಲಿ ವೇಣಾಡಿನ ಆಡಳಿತಗಾರ ಅಯ್ಯನ್ ಅಡಿಗಳ್, ಮಾರ್ ಸಪೀರ್ ಈಶೋ ಕಟ್ಟಿಸಿದ ಇಗರ್ಜಿಗೆ ಭೂಮಿಯನ್ನೂ ಹಕ್ಕುಗಳನ್ನೂ ಕೊಟ್ಟ ತಾಮ್ರಪಟಗಳು ಉಳಿದಿವೆ. ಸಾಕ್ಷಿಗಳ ಸಹಿಗಳು ಅರಬ್ಬಿಯಲ್ಲಿ, ಹಳೆಯ ಪರ್ಷಿಯನ್ ರೂಪವಾದ ಪಹ್ಲವಿಯಲ್ಲಿ, ಹೀಬ್ರೂ ಲಿಪಿಯಲ್ಲಿ ಬರೆದ ಪರ್ಷಿಯನ್ನಿನಲ್ಲಿ. ಮುಸ್ಲಿಮರು, ಜೊರಾಸ್ಟ್ರಿಯನ್ನರು, ಯಹೂದಿಗಳು ಇಗರ್ಜಿಯ ದಾನಪತ್ರಕ್ಕೆ ಸಾಕ್ಷಿ ಹಾಕಿದ ಈ ಬಂದರು ಯಾವ ಒಂಟಿ ಬಣ್ಣಕ್ಕೂ ಒಗ್ಗುವುದಿಲ್ಲ. ಅದಕ್ಕೂ ಮುನ್ನೂರು ವರ್ಷ ಹಿಂದೆ, ಆರನೆಯ ಶತಮಾನದ ವರ್ತಕ ಕಾಸ್ಮಾಸ್ 'ಕಲ್ಲಿಯಾನ' ಎಂಬಲ್ಲಿ ಪರ್ಷಿಯದಿಂದ ನೇಮಕವಾದ ಬಿಷಪ್ ಇದ್ದಾರೆಂದು ಬರೆದಿದ್ದಾನೆ. ಅದು ಮುಂಬೈ ಬಳಿಯ ಕಲ್ಯಾಣ ಎಂದು ಹಲವರು, ಉಡುಪಿ ಬಳಿಯ ಕಲ್ಯಾಣಪುರ ಎಂದು ಕೆಲವರು. ಎರಡೂ ಕಡೆ ಟೊಳ್ಳು ಚುಕ್ಕಿ ಇಟ್ಟು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಕರಾವಳಿಯ ಓದುಗರು ಒತ್ತಾಯಿಸಿದರೂ ತುಂಬುವುದಿಲ್ಲ.

ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯದ ಅರಸರು ಆರನೆಯ ಶತಮಾನದಲ್ಲಿ ಕ್ರೈಸ್ತರಾದರು. ಅಲ್ಲಿನ ಫರಸ್‌ ಮಹಾ ಇಗರ್ಜಿಯ ಚುಕ್ಕಿ ಇಂದಿನ ನಕ್ಷೆಯಲ್ಲಿ ನೀರಿನೊಳಗೆ ಬೀಳುತ್ತದೆ. ಅಸ್ವಾನ್ ಅಣೆಕಟ್ಟಿನ ಹಿನ್ನೀರು ಏರುವ ಮುನ್ನ ಪೋಲೆಂಡಿನ ಉತ್ಖನನಕಾರರು ಗೋಡೆಚಿತ್ರಗಳನ್ನು ಬಿಡಿಸಿಕೊಂಡರು. ಅವು ವಾರ್ಸಾ ಮತ್ತು ಖಾರ್ತೂಮ್‌ನ ವಸ್ತುಸಂಗ್ರಹಾಲಯಗಳನ್ನು ಸೇರಿದವು.

ಹೆಚ್ಚು ಜಗಳ ನಡೆಯುವುದು ಈಜಿಪ್ಟಿನ ಬಗ್ಗೆ. 640ರ ದಶಕದ ಆರಂಭದಲ್ಲಿ ಅರಬ್ಬರು ಅದನ್ನು ಗೆದ್ದರು. ಸಾಮಾನ್ಯ ನಕ್ಷೆಗಳಲ್ಲಿ ಅಲ್ಲಿಗೆ ನೀಲಿ ಅಳಿಸಿ ಹಸಿರು ಬರುತ್ತದೆ. ಆದರೆ ಆಮೇಲೂ ಹಲವು ತಲೆಮಾರುಗಳವರೆಗೆ ಅಲ್ಲಿನ ಜನರಲ್ಲಿ ಬಹುಪಾಲು ಕ್ರೈಸ್ತರೇ ಆಗಿದ್ದರು, ಬಿಷಪರ ಪೀಠಗಳು ಮುಂದುವರಿದವು, ಅಲ್ಲಿನ ಕ್ರೈಸ್ತರ ಕಾಪ್ಟಿಕ್ ಇಗರ್ಜಿ ಇಂದಿಗೂ ಇದೆ. ಆಳ್ವಿಕೆಗೆ ಒಂದು ಪದರ, ನಂಬಿಕೆಗೆ ಇನ್ನೊಂದು ಪದರ ಮಾಡಿ, ಒಂದರ ಮೇಲೊಂದು ಇಡುತ್ತೇನೆ. ಎರಡು ಪದರಗಳನ್ನು ಅಚ್ಚು ಹಾಕಲು ಖರ್ಚು ಹೆಚ್ಚೆಂದು ಪ್ರಕಾಶಕರು ಗೊಣಗಿದರೆ, ಮೊದಲು ಬಿಡುವುದು ಆಳ್ವಿಕೆಯ ಪದರವನ್ನು.